ಶಾಲೆಯ ಕಾಂಪೌಂಡ್ ಗೋಡೆಗೆ ಮಕ್ಕಳ ಕೈಯಿಂದಲೇ ಚಿತ್ರ ಬರೆಸುವುದು ಹೇಗೆ?

ನೀವು ಕೇಳಿದ್ದು ಎರಡು ಮಾತು. ಹೈಸ್ಕೂಲ್ ಮಕ್ಕಳನ್ನು ಸೇರಿಸಿಕೊಂಡು ಶಾಲೆಯ ಗೋಡೆಗೆ ಚಿತ್ರ ಬರೆಸಬೇಕು, ಆದರೆ ‘ಏನು ಬರೆಯೋಣ’ ಅಂದರೆ ಎಲ್ಲರೂ ನವಿಲು, ಬಾವುಟ ಅನ್ನುತ್ತಾರೆ. ಬರೆದ ಮೇಲೆ ಬಣ್ಣ ಮಳೆಗೆ ನಿಲ್ಲುತ್ತದೆಯೇ ಅನ್ನುವುದು ಇನ್ನೊಂದು. ನಾನು ಶಿವಮೊಗ್ಗ ಕಡೆಯ ಡ್ರಾಯಿಂಗ್ ಮೇಷ್ಟ್ರು. ಇಂಥ ಕೆಲಸ ಮಾಡಿಸಿದ ಅನುಭವದಿಂದ ಹೇಳುತ್ತೇನೆ.

ನವಿಲು ಬಂದದ್ದು ಪ್ರಶ್ನೆಯಿಂದ. ದೊಡ್ಡವರು ಕೇಳಿದರೆ ದೊಡ್ಡವರಿಗೆ ಹಿಡಿಸುವ ಉತ್ತರವೇ ಬರುತ್ತದೆ: ಎರಡು ಕೈಗಳ ಮಧ್ಯೆ ಭೂಗೋಳ, ಕೆಳಗೆ ‘ಪರಿಸರ ಉಳಿಸಿ’. ಅದನ್ನು ಬಿಟ್ಟು ಒಂದೊಂದು ಹಾಳೆ ಕೊಡಿ. ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಿರಿ, ಎಲ್ಲಿ ನಿಲ್ಲುತ್ತೀರಿ, ಎಲ್ಲಿ ಓಡುತ್ತೀರಿ ಗುರುತು ಹಾಕಿ ಅನ್ನಿ. ನಮ್ಮಲ್ಲಿ ಹೀಗೆ ಕೇಳಿದಾಗ ಒಬ್ಬ ಹುಡುಗಿ ಕಾಲುಸಂಕ ಬರೆದಳು. ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದೇ ಬಿದಿರ ಗಳ, ಕೆಳಗೆ ಕೆಂಪು ನೀರು, ದಾಟುವವಳ ಕೈಯಲ್ಲಿ ಚಪ್ಪಲಿ. ಗೋಡೆಯ ನಡುಭಾಗಕ್ಕೆ ಬಂದದ್ದು ಅದೇ.

ಯಾವುದನ್ನು ಮಕ್ಕಳು ತೀರ್ಮಾನಿಸುತ್ತಾರೆ, ಯಾವುದನ್ನು ಇಲ್ಲ ಅನ್ನುವುದನ್ನು ಮೊದಲ ದಿನವೇ ಹೇಳಿಬಿಡಿ. ಪಕ್ಷದ ಚಿಹ್ನೆ, ಜಾತಿ, ಸಿನಿಮಾ ನಟರು ಬೇಡ ಎಂದಿದ್ದರೆ ಹೆಡ್‌ಮಾಸ್ಟರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಆಗಲೇ ಹೇಳಲಿ. ಚಿತ್ರ ಮುಗಿಯುವ ಹೊತ್ತಿಗೆ ಯಾರೋ ಮುಖಂಡರು ಬಂದು ‘ಇಲ್ಲೊಂದು ನನ್ನ ಹೆಸರು’ ಅಂದರೆ ತೋರಿಸಲು ಬರವಣಿಗೆಯಲ್ಲಿರಲಿ. (ಬರುತ್ತಾರೆ!) ಇಡೀ ಚಿತ್ರಗಳನ್ನು ಮತಕ್ಕೆ ಹಾಕಬೇಡಿ, ಒಬ್ಬ ಗೆದ್ದು ಉಳಿದವರೆಲ್ಲ ಸುಮ್ಮನಾಗುತ್ತಾರೆ. ಹಾಳೆಗಳನ್ನು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಕೂರುತ್ತದೆ ಎಂದು ಅವರೇ ಜೋಡಿಸಲಿ.

ಆಮೇಲೆ ನನ್ನ ಹಟದ ಮಾತು: ದೊಡ್ಡದು ಮಾಡುವಾಗ ಗೆರೆ ತಿದ್ದಬೇಡಿ. ಎಮ್ಮೆಗೆ ಐದು ಕಾಲಿದ್ದರೆ ಬರೆದವನನ್ನೇ ಕೇಳಿ, ಅವನು ಇರಲಿ ಅಂದರೆ ಇರಲಿ. ಕಲಾವಿದರನ್ನು ಕರೆಸಿ ‘ನೀಟಾಗಿ’ ಮಾಡಿಸಿದ ಗೋಡೆಯಲ್ಲಿ ಮಕ್ಕಳು ಬಣ್ಣ ತುಂಬುವ ಕೂಲಿಗಳು ಅಷ್ಟೇ.

ಇದರರ್ಥ ಅವರಿಗೆ ಏನೂ ಕಲಿಸಬಾರದು ಎಂದಲ್ಲ. ಲಾಸ್ ಏಂಜಲೀಸ್‌ನ ‘ಗ್ರೇಟ್ ವಾಲ್’ ನೋಡಿ. ಜೂಡಿ ಬಾಕಾ ಎಂಬ ಕಲಾವಿದೆ 1976ರ ಬೇಸಿಗೆಯಲ್ಲಿ ಸುಮಾರು 80 ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಕಾಂಕ್ರೀಟ್ ಕಾಲುವೆಯ ಗೋಡೆಗೆ ಕ್ಯಾಲಿಫೋರ್ನಿಯಾದ ಚರಿತ್ರೆ ಬರೆಸಲು ಶುರು ಮಾಡಿದರು. ಅವರಲ್ಲಿ ಹಲವರು ಪೊಲೀಸ್ ಕೇಸುಗಳಲ್ಲಿ ಸಿಕ್ಕಿದ್ದವರು. ಬ್ರಷ್ ಹಿಡಿಯುವ ಮುಂಚೆ ಇತಿಹಾಸಕಾರರ, ಊರಿನವರ ಜೊತೆ ಮಾತಾಡಿ ವಿಷಯ ಕಲೆಹಾಕುವ ಕೆಲಸ ನಡೆಯುತ್ತಿತ್ತು. ಕೆಲವು ಬೇಸಿಗೆಗಳಲ್ಲಿ 400ಕ್ಕೂ ಹೆಚ್ಚು ಎಳೆಯರು ಸೇರಿ ಅರ್ಧ ಮೈಲಿ ಮಾಡಿದರು. ನಿಮ್ಮೂರು ಮಲೆನಾಡಾದರೆ ಹಸೆ ಚಿತ್ತಾರ ಎಂಬ ಸಾಂಪ್ರದಾಯಿಕ ಗೋಡೆಚಿತ್ರ ಬರೆಯುವ ದೀವರ ಸಮುದಾಯದ ಹೆಂಗಸೊಬ್ಬರನ್ನು ಒಂದು ಮಧ್ಯಾಹ್ನ ಕರೆಸಿ, ಸಂಭಾವನೆ ಕೊಟ್ಟು. ಕೆಮ್ಮಣ್ಣಿನ ಮೇಲೆ ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುವುದನ್ನು ನೋಡಿದರೆ ಮಕ್ಕಳ ಕೈ ತಾನೇ ನಿಧಾನವಾಗುತ್ತದೆ.

ಈಗ ಗೋಡೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಗೋಡೆ ಪೂರ್ತಿ ಒಣಗಿರಬೇಕು. ಹಳೇ ಸುಣ್ಣವನ್ನು ತಂತಿ ಬ್ರಷ್‌ನಿಂದ ಕೆರೆದು ತೊಳೆಯದೆ ಬಣ್ಣ ಹಚ್ಚಿದರೆ ಸುಣ್ಣದ ಸಮೇತ ಸಿಪ್ಪೆ ಏಳುತ್ತದೆ, ಎಷ್ಟು ದುಬಾರಿ ಪೇಂಟ್ ಆದರೂ. ಬಿಳಿ ಉಪ್ಪು ಬಿಟ್ಟಿರುವ ಕಡೆ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಆಮೇಲೆ ಎಕ್ಸ್‌ಟೀರಿಯರ್ ಪ್ರೈಮರ್ (ಹೊರಗೋಡೆಗೆ ಮೊದಲು ಬಳಿಯುವ ತಳಪದರ), ಅದರ ಮೇಲೆ ಎಕ್ಸ್‌ಟೀರಿಯರ್ ಎಮಲ್ಷನ್ (ನೀರಿನಲ್ಲಿ ಕದಡುವ ಹೊರಗೋಡೆ ಪೇಂಟ್). ಎಮಲ್ಷನ್ ಎರಡು ಸಲ ಬಳಿಯಲು ಲೀಟರಿಗೆ ಸುಮಾರು 50 ಚದರ ಅಡಿ ಲೆಕ್ಕ ಹಿಡಿಯಿರಿ. ತೆಳು ಬಣ್ಣಗಳಿಗೆ ಬಿಳಿ ಪೇಂಟಿಗೆ ಸ್ಟೇನರ್ (ಬೆರೆಸುವ ಗಾಢ ಬಣ್ಣ) ಹಾಕಿದರೆ ಸಾಕು. ಕಡು ಬಣ್ಣ ಹಾಗೆ ಬರುವುದಿಲ್ಲ, ಅಂಗಡಿಯ ಮೆಷಿನ್ನಿನಲ್ಲೇ ಮಾಡಿಸಿ. ನೆಲದಿಂದ ಒಂದೂವರೆ ಅಡಿ ಕೆಮ್ಮಣ್ಣಿನ ಬಣ್ಣದ ಪಟ್ಟಿ ಬಿಡಿ. ಮಳೆಯಲ್ಲಿ ಸಿಡಿಯುವ ಕೆಸರು, ಎಲೆಅಡಿಕೆ ಉಗುಳು ಅಷ್ಟಾಗಿ ಕಾಣುವುದಿಲ್ಲ.

ಚಿತ್ರವನ್ನು ಗೋಡೆಗೆ ದೊಡ್ಡದು ಮಾಡಲು ಹಾಳೆಯಲ್ಲಿ ಒಂದಂಗುಲದ ಚೌಕಗಳನ್ನು, ಗೋಡೆಯಲ್ಲಿ ಒಂದಡಿಯವನ್ನು ಎಳೆದು, ಚೌಕ ಚೌಕವಾಗಿ ನೋಡಿ ಬರೆಸಿ. ದಾರಕ್ಕೆ ಬಣ್ಣದ ಪುಡಿ ಸವರಿ, ಇಬ್ಬರು ಎಳೆದು ಹಿಡಿದು ನಡುವೆ ಚಿಮ್ಮಿದರೆ ನೇರ ಗೆರೆ ಬೀಳುತ್ತದೆ. ಗೆರೆ ಮೂಡಿದ ಮೇಲೆ ಪ್ರತಿ ಭಾಗದೊಳಗೆ ಸೀಮೆಸುಣ್ಣದಲ್ಲಿ ಬಣ್ಣದ ನಂಬರ್ ಬರೆದಿಡಿ. ಯಾರು ಯಾವಾಗ ಬಂದರೂ ಕೆಲಸ ಸಾಗುತ್ತದೆ. ಒಂದು ಸಲಕ್ಕೆ ಹತ್ತು ಮಕ್ಕಳು ಸಾಕು. ಬಣ್ಣವನ್ನು ತೆಂಗಿನ ಗರಟೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿಕೊಡಿ, ಚೆಲ್ಲಿದರೂ ನಷ್ಟ ಕಡಿಮೆ. ಗೋಡೆಗೆ ಬಿಸಿಲು ಬೀಳುವ ಮುಂಚೆ ಕೆಲಸ ಮುಗಿಸಿ, ಕಾದ ಗೋಡೆಯ ಮೇಲೆ ಬಣ್ಣ ಬ್ರಷ್‌ನಲ್ಲೇ ಗಟ್ಟಿಯಾಗುತ್ತದೆ. ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಮಾತ್ರ ಮಕ್ಕಳದು, ಏಣಿ ಹತ್ತುವ ಕೆಲಸ ದೊಡ್ಡವರದು.

ಗೋಡೆ ಎಷ್ಟುದ್ದ, ಯಾವ ದಿಕ್ಕಿಗಿದೆ, ಹಿಂದೆ ಸುಣ್ಣ ಬಳಿದಿದ್ದಾರೋ ಡಿಸ್ಟೆಂಪರೋ ತಿಳಿಸಿ. ಎಷ್ಟು ಲೀಟರ್ ಬೇಕಾಗಬಹುದು ಎಂದು ಇಲ್ಲೇ ಲೆಕ್ಕ ಹಾಕಿ ಹೇಳುತ್ತೇನೆ.