‘ಯಾಕೆ ತರೋಕೆ ಹೋದ್ರಿ?’

ಕ ಅವರಿಗೆ 58 ವರ್ಷ. ಇಂಗ್ಲಿಷ್ ಮಾತಾಡುವ ದೇಶವೊಂದರಲ್ಲಿ ಮಗ, ಸೊಸೆ, ಮೊಮ್ಮಗನ ಜೊತೆ ಇದ್ದಾರೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯೂ ಇದೆ. ಅಕ್ಟೋಬರ್‌ನಲ್ಲಿ ನನ್ನ ಸಲಹೆ ಕೇಳಲು ವಿಡಿಯೊ ಕರೆಯಲ್ಲಿ ಮಾತಿಗೆ ಕೂತಾಗ ಅವರು ಹೇಳಿಕೊಂಡ ತೊಂದರೆ ನಿದ್ದೆಯದು. ಎಂದಿನಿಂದ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಡಿಸೆಂಬರ್ ಹತ್ರ ಬಂತಲ್ಲ ಮೇಡಂ” ಎಂದರು.

ಕ್ಯಾಮೆರಾದ ಮುಂದೆ ಒಂದು ನೋಟ್‌ಬುಕ್ ಹಿಡಿದು ತೋರಿಸಿದರು. ಚಳಿಗಾಲದ ಹಬ್ಬದ ಇಂಗ್ಲಿಷ್ ಪದಗಳು, ಅರವತ್ತಕ್ಕೂ ಹೆಚ್ಚು. ಎಡಕ್ಕೆ ಇಂಗ್ಲಿಷ್ ಸ್ಪೆಲಿಂಗ್, ನಡುವೆ ಕನ್ನಡದಲ್ಲಿ ಉಚ್ಚಾರ, ಬಲಕ್ಕೆ ಅರ್ಥ. ಬಾಗಿಲಿಗೆ ಕಟ್ಟುವ ಹೂಬಳೆಯ ಹೆಸರನ್ನು ‘ರೀತ್’ ಎನ್ನುವ ಬದಲು ‘ವ್ರೀತ್’ ಎಂದು ಬರೆದದ್ದನ್ನು ಮೊಮ್ಮಗ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದ. ‘ಮಿಸಲ್‌ಟೋ’ ಎದುರಿಗೆ ‘ಒಂದು ಗಿಡ’ ಎಂದಷ್ಟೇ ಇತ್ತು. ರಾತ್ರಿ ಇಡೀ ಪಟ್ಟಿ ಬಾಯಿಪಾಠ ಮಾಡುತ್ತಾರೆ. ಬೆಳಿಗ್ಗೆ ನೋಡಿದರೆ ಅಲಂಕಾರದ ವಸ್ತುಗಳಲ್ಲಿ ಟಿನ್ಸೆಲ್ ಯಾವುದು, ಗಾರ್ಲೆಂಡ್ ಯಾವುದು, ರೀತ್ ಯಾವುದು ಎಲ್ಲ ಕಲಸಿಹೋಗಿರುತ್ತದೆ. “ನನ್ನ ತಲೆಗೆ ಇನ್ನು ಹತ್ತೋದಿಲ್ಲ, ವಯಸ್ಸಾಯ್ತು” ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು.

ಪದ ಮರೆತರೆ ಬೇಸರವಾಗುತ್ತದೆ, ನಿಜ. ಆದರೆ ಅಷ್ಟಕ್ಕೇ ಯಾರೂ ನಿದ್ದೆಗೆಡುವುದಿಲ್ಲ. ಹಾಗಾಗಿ ಹಿಂದಿನ ಡಿಸೆಂಬರ್‌ನಲ್ಲಿ ಏನಾಯಿತು ಎಂದು ಕೇಳಿದೆ. ಅದು ಹೊರಬರಲು ಎರಡು ಭೇಟಿ ಬೇಕಾಯಿತು.

ಪಕ್ಕದ ಮನೆಯಾಕೆ ‘ಕ್ರಿಸ್‌ಮಸ್ ಈವ್’ಗೆ ಬನ್ನಿ ಎಂದು ಕರೆದಿದ್ದರು. ಈವ್ ಎಂದರೆ ಈವ್ನಿಂಗ್ ಎಂದುಕೊಂಡ ಕ ಅವರು ಒಳ್ಳೆಯ ಸೀರೆ ಉಟ್ಟು, ಉಡುಗೊರೆಯ ಪೊಟ್ಟಣ ಹಿಡಿದು 25ರ ಸಂಜೆ ಹೋದರು. ಕೂಟ ಹಿಂದಿನ ದಿನವೇ ಮುಗಿದಿತ್ತು. ಮನೆಯ ಬಟ್ಟೆಯಲ್ಲಿದ್ದ ನೆರೆಯಾಕೆ ಬಾಗಿಲು ತೆಗೆದು, ಒಂದು ಕ್ಷಣ ಗಲಿಬಿಲಿಗೊಂಡು, ಪೊಟ್ಟಣ ಕಂಡ ಕೂಡಲೇ “ಓ, ಯೂ ಶುಡಂಟ್ ಹ್ಯಾವ್!” ಎಂದರು. ಕ ಅವರ ಕಿವಿಗೆ ಅದು ‘ನೀವು ಬರಬಾರದಿತ್ತು’ ಎಂದು ಬಿತ್ತು. ಪೊಟ್ಟಣ ಕೈಗಿಟ್ಟು ಹಾಗೇ ಹಿಂದಿರುಗಿದರು. ಆಮೇಲೆ ಹತ್ತು ತಿಂಗಳು ಆ ಮನೆಯ ಮುಂದೆ ತಲೆ ತಗ್ಗಿಸಿಯೇ ಓಡಾಡಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ನಾನು ಇಂಗ್ಲಿಷ್ ವಿವರಿಸಲು ಹೋಗಲಿಲ್ಲ. “ನಿಮ್ಮ ಮನೆಗೆ ಯಾರಾದರೂ ಏನಾದರೂ ತಂದರೆ ಏನಂತೀರಿ?” ಎಂದು ಕೇಳಿದೆ.

“ಅಯ್ಯೋ, ಇದೆಲ್ಲಾ ಯಾಕೆ ತರೋಕೆ ಹೋದ್ರಿ ಅಂತೀನಿ.”

“ಬೈಯೋದಕ್ಕಾ?”

ಅವರು ಉತ್ತರ ಕೊಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು. ನೆರೆಯಾಕೆ ಆಡಿದ್ದೂ ಅದೇ ಮಾತು. ಅಷ್ಟು ದಿನ ಬೈಗುಳವೆಂದು ಹೊತ್ತು ತಿರುಗಿದ್ದು ಪ್ರೀತಿಯ ಉಪಚಾರದ ಮಾತಾಗಿತ್ತು.

ನನ್ನ ಸಲಹೆಯೆಲ್ಲ ಹುಟ್ಟಿದ್ದು ಇಲ್ಲಿಂದಲೇ. ಮೊದಲು ಕಲಿಯಬೇಕಾದ್ದು ವಸ್ತುಗಳ ಹೆಸರಲ್ಲ, ಬಾಗಿಲಲ್ಲಿ ಆಡುವ ನಾಲ್ಕು ಮಾತು. ಗೋಡೆಗೆ ತೂಗುಹಾಕಿದ್ದರ ಹೆಸರು ಗೊತ್ತಿಲ್ಲದಿದ್ದರೆ ಯಾರಿಗೂ ನೋವಾಗದು. ‘ಯೂ ಶುಡಂಟ್ ಹ್ಯಾವ್’ ತಿಳಿಯದೆ ಹೋದದ್ದಕ್ಕೆ ಒಂದು ನೆರೆಹೊರೆಯೇ ದೂರವಾಯಿತು. ಆ ಮಾತಿನ ಜೊತೆಗೆ ಶುಭಾಶಯಕ್ಕೆ ಮರುಶುಭಾಶಯ, ‘ವಿಚ್ ಡೇಟ್?’ ಎಂಬ ಪ್ರಶ್ನೆ, ‘ವಾಟ್ ಡೂ ಯೂ ಕಾಲ್ ದಿಸ್?’ ಎಂಬ ಪ್ರಶ್ನೆ ಇಷ್ಟನ್ನು ಮೊದಲ ವಾರಕ್ಕೆ ಕೊಟ್ಟೆ. ಎದುರಿನವರು ಯಾವ ಹಬ್ಬ ಆಚರಿಸುತ್ತಾರೋ ಗೊತ್ತಿಲ್ಲದಾಗ ‘ಹ್ಯಾಪಿ ಹಾಲಿಡೇಸ್’ ಸಾಕು. ಎಂಟು ರಾತ್ರಿ ದೀಪ ಹಚ್ಚುವ ಯೆಹೂದಿಗಳ ಹನುಕ್ಕಾ, 1966ರಲ್ಲಿ ಅಮೆರಿಕದ ಕಪ್ಪು ಜನರ ನಡುವೆ ಶುರುವಾದ ಕ್ವಾಂಜಾ ಎಲ್ಲವೂ ಆ ಮಾತಿನೊಳಗೆ ಬರುತ್ತವೆ.

ದಿನಗಳ ಹೆಸರನ್ನು ಕ್ಯಾಲೆಂಡರಿನ ಮೇಲೇ ಬರೆಸಿದೆ. ಕ್ರಿಸ್‌ಮಸ್ ಈವ್ 24, ನ್ಯೂ ಇಯರ್ಸ್ ಈವ್ 31. ಈವ್ ಎಂದರೆ ಹಬ್ಬದ ಹಿಂದಿನ ದಿನ, ಆ ದಿನದ ಬೆಳಿಗ್ಗೆಯೂ ಈವ್ ಆಗಿರುತ್ತದೆ. 26ರ ಬಾಕ್ಸಿಂಗ್ ಡೇಗೂ ಗುದ್ದಾಟಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನಲ್ಲಿ ಆಳುಕಾಳುಗಳಿಗೆ, ಅಂಚೆಯವರಿಗೆ ಇನಾಮು ಕೊಡುತ್ತಿದ್ದ ‘ಕ್ರಿಸ್‌ಮಸ್ ಬಾಕ್ಸ್’ನಿಂದ ಬಂದ ಹೆಸರು.

ಇನ್ನು ಪಟ್ಟಿಯ ವಿಚಾರ. ಅದರಲ್ಲಿ ತಪ್ಪು ವಯಸ್ಸಿನದಲ್ಲ. ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿತರೆ ಒಂದು ಇನ್ನೊಂದನ್ನು ಕೆಡಿಸುತ್ತದೆ ಎಂದು ಟಿಂಕಮ್ ಎಂಬ ಸಂಶೋಧಕರು 1993ರಲ್ಲೇ ತೋರಿಸಿದ್ದಾರೆ. ಒಂದು ಸನ್ನಿವೇಶಕ್ಕೆ ಸೇರಿದ ಬೇರೆ ಬೇರೆ ಪದಗಳು ಸಲೀಸಾಗಿ ನಿಲ್ಲುತ್ತವೆ ಎಂಬುದು ಅವರ 1997ರ ಅಧ್ಯಯನದ ಮಾತು. ಹಾಗಾಗಿ ಅಲಂಕಾರದ ಹತ್ತು ಹೆಸರನ್ನು ಸಾಲಾಗಿ ಕಲಿಯುವುದನ್ನು ನಿಲ್ಲಿಸಿದೆವು. ರೀತ್, ಡೋರ್, ಹ್ಯಾಂಗ್, ರಿಬ್ಬನ್ ಇವು ಒಂದು ದಿನಕ್ಕೆ, ಅದೂ ಸೊಸೆಯ ಜೊತೆ ಬಾಗಿಲಿಗೆ ಹೂಬಳೆ ಕಟ್ಟುತ್ತಾ. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವರಿಗೆ ಉಲಿಯದ ಅಕ್ಷರಗಳು ಮೋಸದಂತೆ ಕಾಣುವುದು ಸಹಜ. ರೀತ್‌ನಲ್ಲಿ, ಉಡುಗೊರೆ ಸುತ್ತುವ ರ್‍ಯಾಪ್‌ನಲ್ಲಿ ಡಬ್ಲ್ಯೂ ಸುಮ್ಮನಿರುತ್ತದೆ. ಕ್ರಿಸ್‌ಮಸ್, ಮಿಸಲ್‌ಟೋ, ಚೆಸ್‌ನಟ್ ಮೂರರಲ್ಲೂ ನಡುವಿನ ಒಂದು ಟೀ ಬಾಯಿಗೆ ಬರುವುದಿಲ್ಲ. ಹೀಗೆ ಗುಂಪು ಮಾಡಿ ತೋರಿಸಿದಾಗ ಅವರು ಸ್ವಲ್ಪ ನಿರಾಳವಾದರು. ಮಿಸಲ್‌ಟೋ ಎದುರಿಗೆ ‘ಮರದ ಮೇಲೆ ಹತ್ತಿ ಬೆಳೆಯುವ ಬಂದಳಿಕೆ, ಅದರ ಕೆಳಗೆ ಸಿಕ್ಕವರು ಮುತ್ತಿಡುವ ವಾಡಿಕೆ’ ಎಂದು ಬರೆದುಕೊಂಡರು. ಈಗ ಅದು ಮರೆಯುವುದಿಲ್ಲ.

ಮಗನ ಜೊತೆಗೂ ಅರ್ಧ ಗಂಟೆ ಮಾತಾಡಿದೆ. ಅವನು ಕೆಟ್ಟವನಲ್ಲ. ಆದರೆ ಊಟದ ಮೇಜಿನಲ್ಲಿ, ಮಗುವಿನ ಎದುರು, ತಾಯಿಯ ಉಚ್ಚಾರ ತಿದ್ದುತ್ತಿದ್ದ; ಮೊಮ್ಮಗ ಕೆಂಪು ಪೆನ್ನು ಹಿಡಿಯಲು ಕಲಿತದ್ದು ಅಲ್ಲೇ. “ಅಮ್ಮ ಕೇಳಿದರೆ ಹೇಳು, ಕೇಳದಿದ್ದರೆ ತಿದ್ದಬೇಡ” ಎಂದೆ. ಒಪ್ಪಿದ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನನಗನ್ನಿಸುತ್ತದೆ.

ಹಿಂದಿನ ವರ್ಷದ ತಪ್ಪು ತಿಳಿವಳಿಕೆಯನ್ನು ನೆರೆಯಾಕೆಗೆ ಬಾಯಿಬಿಟ್ಟು ಹೇಳಿ ಎಂದು ಸೂಚಿಸಿದ್ದೆ, ಒತ್ತಾಯಿಸಲಿಲ್ಲ. ಡಿಸೆಂಬರ್ ಎರಡನೇ ವಾರ ಕ ಅವರ ಸಂದೇಶ ಬಂತು. ಹೋಗಿದ್ದರಂತೆ, ನೆರೆಯಾಕೆ ಮನೆಯಲ್ಲಿರಲಿಲ್ಲ, ಮಗಳು ಬಾಗಿಲು ತೆಗೆದಳಂತೆ. “ಅಮ್ಮ ಯಾವತ್ತು ಸಿಗ್ತಾರೆ ಅಂತ ತಾರೀಖು ಕೇಳಿಕೊಂಡೇ ಬಂದೆ ಮೇಡಂ. ಶನಿವಾರ, 16.”