ಓದುಗರ ಪ್ರಶ್ನೆ: ಊರಿನ ಜೀನಸಿನ ಅಂಗಡಿ ಮತ್ತು ರಿಯಾಯಿತಿಯ ಲೆಕ್ಕ

ಪ್ರಶ್ನೆ: ಮೂವತ್ತು ವರ್ಷಗಳಿಂದ ನಮ್ಮ ಮನೆಗೆ ಬದಿಯಡ್ಕ ಪೇಟೆಯ ಒಂದೇ ಜೀನಸಿನ ಅಂಗಡಿಯಿಂದ ಸಾಮಾನು ಬರುತ್ತಿದೆ. ಕಾಸರಗೋಡಿನ ಸೂಪರ್ ಮಾರ್ಕೆಟ್‌ನಲ್ಲಿ ಎಲ್ಲದಕ್ಕೂ ರಿಯಾಯಿತಿ ಇರುವಾಗ ಅಲ್ಲಿಗೆ ಹೋಗುವುದೇ ಲಾಭವೆಂದು ಮಗ ಹೇಳುತ್ತಾನೆ. ಅಂಗಡಿಯನ್ನು ಬಿಡಲು ನನಗೆ ಮನಸ್ಸಿಲ್ಲ, ಆದರೆ ಸುಮ್ಮನೆ ಹಣ ಕಳೆಯುತ್ತಿದ್ದೇನೆಯೇ ಎಂಬ ಸಂಶಯವೂ ಇದೆ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಂಗಡಿಯನ್ನು ಬಿಡಬೇಕಾಗಿಲ್ಲ, ಆದರೆ ಮಗನ ಮಾತನ್ನು ಲೆಕ್ಕ ಹಾಕಿ ನೋಡಬೇಕು. ಕನ್ನಡದಲ್ಲಿ ಬರೆದ ಚೀಟಿಯನ್ನು ಓದಿ ಸಾಮಾನು ಕಟ್ಟಿಕೊಡುವ, ಅಡಿಕೆ ಮಾರಿದ ಮೇಲೆ ಪಾವತಿ ಮಾಡುತ್ತೇವೆಂದರೆ ನಂಬುವ, ಐವತ್ತು ಗ್ರಾಂ ಮೆಂತೆಯನ್ನೂ ಬೇಸರಿಸದೆ ತೂಗಿಕೊಡುವ ಅಂಗಡಿ ನಮ್ಮ ಗಡಿನಾಡಿನಲ್ಲಿ ಸಣ್ಣ ಅನುಕೂಲವಲ್ಲ. ಮಲಯಾಳ ಓದಲು ಬಾರದ ನನ್ನ ತಾಯಿ ಕೊನೆಯವರೆಗೂ ಯಾರ ನೆರವೂ ಇಲ್ಲದೆ ಜೀನಸು ತರುತ್ತಿದ್ದುದು ಅಂಥ ಒಂದು ಅಂಗಡಿಯಿಂದಲೇ ಆದುದರಿಂದ, ನಿಮ್ಮ ಅಕ್ಕರೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಹಣದ ವಿಚಾರ. ಪೊಟ್ಟಣದ ಮೇಲೆ ಮುದ್ರಿಸಿರುವ ಗರಿಷ್ಠ ಬೆಲೆಯನ್ನು ತಯಾರಕರು ನಿಗದಿಪಡಿಸುತ್ತಾರೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬುದು ಕಾನೂನೇ ಹೊರತು ಅದೇ ನ್ಯಾಯವಾದ ಬೆಲೆಯೆಂದು ಅರ್ಥವಲ್ಲ. ಆದ್ದರಿಂದ ಶೇಕಡಾ ಇಪ್ಪತ್ತು ರಿಯಾಯಿತಿ ಎಂಬ ಫಲಕವನ್ನು ಬದಿಗಿಟ್ಟು, ನಿವ್ವಳ ತೂಕ ಎಷ್ಟು, ಕಿಲೋಗೆ ಎಷ್ಟು ಬೀಳುತ್ತದೆ ಎಂಬುದನ್ನು ಮಾತ್ರ ನೋಡಬೇಕು. ಬೆಲೆ ಏರಿಸುವ ಬದಲು ತೂಕವನ್ನೇ ಇಳಿಸಿದ ಬಿಸ್ಕತ್ತು, ಸಾಬೂನುಗಳು ಎಷ್ಟೋ ಇವೆ. ಬೇಳೆ, ಅಕ್ಕಿಗಳ ವಿಷಯದಲ್ಲಿ ಮತ್ತೊಂದು ಅಂಶವಿದೆ: 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಅಂಟಿಸಿ ಕಟ್ಟಿದ ಪೊಟ್ಟಣಗಳ ಮೇಲೆ ಶೇಕಡಾ 5 ಜಿಎಸ್‌ಟಿ ಬಂದಿತು, ಗೋಣಿಯಿಂದ ತೂಗಿಕೊಡುವ ಬಿಡಿ ಸಾಮಾನಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಕುಚ್ಚಿಲಕ್ಕಿ, ಉದ್ದುಗಳಂಥ ಬಿಡಿ ಸಾಮಾನಿನಲ್ಲಿ ನಿಮ್ಮ ಅಂಗಡಿಯೇ ಅಗ್ಗವಾಗಿರುವುದು ಸಾಧ್ಯ. ಸಾಬೂನು, ಹಲ್ಲುಜ್ಜುವ ಪೇಸ್ಟ್, ಬಟ್ಟೆ ಒಗೆಯುವ ಪುಡಿ ಮಾತ್ರ ಸಗಟಾಗಿ ಖರೀದಿಸುವ ದೊಡ್ಡ ಮಳಿಗೆಯಲ್ಲಿ ಹೆಚ್ಚಾಗಿ ಕಡಿಮೆಗೆ ಸಿಗುತ್ತವೆ. ಬೇರೆ ಕೆಲಸಕ್ಕೆ ಕಾಸರಗೋಡಿಗೆ ಹೋದ ದಿನ ಎರಡು ತಿಂಗಳಿಗಾಗುವಷ್ಟು ತಂದರೆ ಬಸ್ಸಿನ ಖರ್ಚೂ ಪ್ರತ್ಯೇಕವಾಗಿ ಬೀಳುವುದಿಲ್ಲ.

ಇವೆರಡರ ನಡುವೆ ಮಾವೇಲಿ ಸ್ಟೋರನ್ನು ಮರೆಯಬೇಡಿ. ಕೇರಳ ಸರಕಾರದ ನಾಗರಿಕ ಪೂರೈಕೆ ನಿಗಮವಾದ ಸಪ್ಲೈಕೋದ ಈ ಮಳಿಗೆಗಳಲ್ಲಿ ರೇಷನ್ ಕಾರ್ಡಿಗೆ ಪ್ರತಿ ತಿಂಗಳು ಇಂತಿಷ್ಟೆಂಬ ಮಿತಿಯಲ್ಲಿ ಅಕ್ಕಿ, ಸಕ್ಕರೆ, ತೊಗರಿಬೇಳೆ, ಹೆಸರು, ಮೆಣಸು, ತೆಂಗಿನೆಣ್ಣೆ ಸೇರಿ 13 ಸಾಮಾನುಗಳಿಗೆ ಸಬ್ಸಿಡಿ ಇದೆ. ಎಲ್ಲವೂ ಎಲ್ಲ ದಿನವೂ ಸಿಗದಿರಬಹುದು, ಸಿಕ್ಕಿದ ದಿನ ತರುವುದು ಲಾಭ.

ಎರಡು ಕೊಂಡರೆ ಒಂದು ಉಚಿತ ಎಂಬುದನ್ನು ಮಳೆಗಾಲದಲ್ಲಿ ಬಹಳ ಎಚ್ಚರದಿಂದ ನೋಡಬೇಕು. ಆಟಿ ತಿಂಗಳ ತೇವಕ್ಕೆ ರವೆಯೂ ಕಡಲೆಹಿಟ್ಟೂ ಬೇಗ ಹುಳ ಹಿಡಿಯುವುದರಿಂದ, ಉಚಿತವಾಗಿ ಬಂದ ಮೂರನೆಯ ಪೊಟ್ಟಣ ಕೋಳಿಗೆ ಹೋಗುವ ಸಂಭವವೇ ಹೆಚ್ಚು.

ಪ್ರಶ್ನೆ: ಮಿಲ್ಲಿನಲ್ಲಿ ತೆಂಗಿನೆಣ್ಣೆಯನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಪೊಟ್ಟಣದ ಎಣ್ಣೆಗೆ ಲೀಟರಿನ ಬೆಲೆ. ಯಾವುದು ಅಗ್ಗವೆಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಕುಂಬಳೆ

ಉತ್ತರ: ತೆಂಗಿನೆಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910ರಿಂದ 920 ಗ್ರಾಂ ಮಾತ್ರ. ಲೀಟರಿನ ಬೆಲೆಯನ್ನು 0.915ರಿಂದ ಭಾಗಿಸಿದರೆ ಕಿಲೋ ಬೆಲೆ ಸಿಗುತ್ತದೆ. ಉದಾಹರಣೆಗೆ ಪೊಟ್ಟಣದ ಎಣ್ಣೆಗೆ ಲೀಟರಿಗೆ 400 ರೂಪಾಯಿ, ಮಿಲ್ಲಿನಲ್ಲಿ ಕಿಲೋಗೆ 430 ರೂಪಾಯಿ ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಪೊಟ್ಟಣವೇ ಅಗ್ಗವೆನಿಸಿದರೂ ಅದು ಕಿಲೋಗೆ ಸುಮಾರು 437 ರೂಪಾಯಿ ಬೀಳುತ್ತದೆ. ಪೊಟ್ಟಣದ ಮೇಲೆ ಗ್ರಾಂ ತೂಕವನ್ನೂ ಮುದ್ರಿಸಿದ್ದರೆ ಭಾಗಾಕಾರಕ್ಕೆ ಅದನ್ನೇ ಕಿಲೋಗೆ ತಿರುಗಿಸಿ (910 ಗ್ರಾಂ ಎಂದರೆ 0.910) ಬಳಸಿ. ಮಿಲ್ಲಿಗೆ ಹೋಗುವಾಗ ಚೆನ್ನಾಗಿ ಒಣಗಿಸಿದ ಪಾತ್ರೆಯನ್ನು ಒಯ್ಯಿರಿ, ನೀರಿನ ಪಸೆ ಉಳಿದರೆ ಎಣ್ಣೆ ಬೇಗ ಕಮಟುತ್ತದೆ.