ಹಿತ್ತಲಿಗೆ ಬರುವ ಸಣ್ಣ ಹಕ್ಕಿಗಳ ಫೋಟೊ ತೆಗೆಯಲು 600 ಮಿ.ಮೀ. ಲೆನ್ಸ್ ಬೇಕೇ?

ಹುಬ್ಬಳ್ಳಿಯ ನಿಮ್ಮ ಹಿತ್ತಲಲ್ಲಿ ಈ ಚಳಿಗಾಲ 300 ಮಿ.ಮೀ. ಲೆನ್ಸಿನಿಂದ ತೆಗೆದ ಹಕ್ಕಿಗಳೆಲ್ಲ ಮಸುಕಾಗಿವೆ, ದೂರದ್ದನ್ನು ಇನ್ನೂ ಹತ್ತಿರಕ್ಕೆ ತರುವ 600ರದ್ದು ಕೊಳ್ಳಲೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ. ಹಕ್ಕಿಯ ಚಡಪಡಿಕೆ, ಕೈಯ ನಡುಕ ಎರಡೂ ಅದರಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣುತ್ತವೆ. ಧಾರವಾಡದ ನನ್ನ ಹಿತ್ತಲಿನ ಚಿತ್ರಗಳೆಲ್ಲ 300ರಲ್ಲೇ ತೆಗೆದವು.

ಅಗಲವಾದ ಮಣ್ಣಿನ ತಟ್ಟೆಯೊಂದರಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ನಡುವೆ ಒರಟು ಕಲ್ಲಿಡಿ. ಸೂರಕ್ಕಿಯ (ಸನ್‌ಬರ್ಡ್) ಉದ್ದವೇ ಸುಮಾರು 10 ಸೆಂ.ಮೀ.; ಆಳದ ನೀರಿಗೆ ಅದು ಇಳಿಯುವುದಿಲ್ಲ. ತಟ್ಟೆಯ ಪಕ್ಕದಲ್ಲಿ ಪೇರಲದ ಒಣ ಕೊಂಬೆಯೊಂದನ್ನು ನೆಡಿ. ಸಣ್ಣ ಹಕ್ಕಿ ನೇರವಾಗಿ ನೀರಿಗೆ ಬರುವುದು ಕಡಿಮೆ. ಮೊದಲು ಕೊಂಬೆಯ ಮೇಲೆ ಕುಳಿತು ಅತ್ತಿತ್ತ ನೋಡುತ್ತದೆ. ನಿಮಗೆ ಬೇಕಾದದ್ದು ಆ ಗಳಿಗೆ. ಕೊಂಬೆಯ ಹಿಂದೆ ಮೂರು ನಾಲ್ಕು ಮೀಟರ್ ತೆರವಿದ್ದರೆ ಹಿನ್ನೆಲೆ ಮೆತ್ತಗೆ ಕರಗುತ್ತದೆ. ಬೆಕ್ಕು ಅಡಗುವಂಥ ಜಾಗದ ಹತ್ತಿರ ತಟ್ಟೆ ಇಡಬೇಡಿ. ನೀರನ್ನು ದಿನವೂ ಬದಲಿಸಿ.

ನಾನು ತಡವಾಗಿ ಕಲಿತದ್ದು ಬೆಳಕನ್ನು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಬೇಸಿಗೆಯಲ್ಲಿ ಚೆನ್ನಾಗಿ ಒದಗಿದ ಜಾಗದಲ್ಲೇ ಈಗಲೂ ಕುಳಿತರೆ ಹಕ್ಕಿಯ ಮುಖ ಕಪ್ಪಾಗುತ್ತದೆ. ಆಗ್ನೇಯಕ್ಕೆ ಬೆನ್ನು ಮಾಡಿ, ಏಳೂವರೆಯಿಂದ ಒಂಬತ್ತರವರೆಗೆ ಅಲುಗದೆ ಕುಳಿತುಕೊಳ್ಳಿ. ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ನಿಧಾನವಾಗದಿರಲಿ. ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿದರೂ ಹೆದರಬೇಡಿ. ಕಾಳು ಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಫೋಕಸ್ ಹಕ್ಕಿಯ ಕಣ್ಣಿನ ಮೇಲೇ ಇರಲಿ.

ಸೂರಕ್ಕಿ, ಪಿಕಳಾರ (ಬುಲ್‌ಬುಲ್), ಸಿಂಪಿಗ (ಟೈಲರ್‌ಬರ್ಡ್) ವರ್ಷವಿಡೀ ಇಲ್ಲೇ ಇರುತ್ತವೆ. ಚಳಿಗಾಲದ ನಿಜವಾದ ಅತಿಥಿಗಳು ಉಲಿಯಕ್ಕಿಗಳು (ವಾರ್ಬ್ಲರ್). ಸಾವಿರಾರು ಕಿಲೋಮೀಟರ್ ಹಾರಿ ಬಂದ, ಒಣ ಎಲೆಯ ಬಣ್ಣದ ಈ ಪುಟ್ಟ ಜೀವಗಳನ್ನು ಎಷ್ಟೋ ಜನ ಗುಬ್ಬಿ ಎಂದುಕೊಂಡು ಬಿಟ್ಟುಬಿಡುತ್ತಾರೆ, ನನಗೆ ಅದೇ ಸಂಕಟ. ಕರಿಬೇವಿನ ಗಿಡದೊಳಗಿಂದ ಕಲ್ಲಿಗೆ ಕಲ್ಲು ತಾಗಿಸಿದಂತೆ "ಚಕ್, ಚಕ್" ಎಂದು ಕೇಳಿದರೆ ಅಲ್ಲಿ ಒಂದು ಇದೆ ಎಂದೇ ತಿಳಿಯಿರಿ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಹೊರಗೆ ಕರೆಯಬೇಡಿ. ಎದುರಾಳಿ ಬಂದನೆಂದು ಅದು ಗಾಬರಿಯಾಗುತ್ತದೆ, ಮೇಯುವುದನ್ನೂ ಬಿಡುತ್ತದೆ. ಹುಳು ಹುಡುಕುತ್ತಾ ತಾನಾಗಿಯೇ ಗಿಡದ ಅಂಚಿಗೆ ಬರುತ್ತದೆ, ಕಾಯಿರಿ. ಏಪ್ರಿಲ್ ಹೊತ್ತಿಗೆ ಅವು ಹೊರಟುಹೋಗುತ್ತವೆ. ಅಲ್ಲಿಯವರೆಗೆ ಆ ಕರಿಬೇವಿಗೆ ಕತ್ತರಿ ಹಾಕಬೇಡಿ.